ಗ್ಲೀನ್ ಎಂದರೆ ಹಕ್ಕಲಾಯುವುದು

ಕಳೆದ ತಿಂಗಳು ಕ್ಲೈಂಟ್‌ಗೆ ಕಳಿಸಬೇಕಾದ ಒಂದು ಸ್ಲೈಡಿನ ತಲೆಬರಹದಲ್ಲಿ ‘ಬಳಕೆದಾರರ ಲಾಗ್‌ಗಳಿಂದ ಗ್ಲೀನ್ ಮಾಡಿದ ಅಂಶಗಳು’ ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆದಿದ್ದೆ. ಇಪ್ಪತ್ತು ವರ್ಷದಿಂದ ಇಂಥ ಸ್ಲೈಡು ಬರೆಯುತ್ತಾ ಬಂದವನಿಗೆ ಆ ಪದ ಕಣ್ಣಿಗೇ ಬೀಳುವುದಿಲ್ಲ. ಆದರೆ ತಂಡಕ್ಕೆ ಹೊಸದಾಗಿ ಸೇರಿದ, ಕೊಪ್ಪಳದ ಕಡೆಯ ಹುಡುಗಿಯೊಬ್ಬಳು ಅದನ್ನು ನೋಡಿ, “ಸರ್, ಗ್ಲೀನ್ ಅಂದ್ರ ಏನ್ರೀ? ಕಲೆಕ್ಟ್ ಅಂತ ಬರದ್ರ ಸಾಲಂಗಿಲ್ಲೇನು?” ಎಂದು ಕೇಳಿದಳು. ನಾನು ಸ್ವಲ್ಪ ಗತ್ತಿನಿಂದಲೇ, “ಕಲೆಕ್ಟ್ ಬೇರೆ, ಗ್ಲೀನ್ ಬೇರೆ. ಅಲ್ಲಲ್ಲಿ ಚದುರಿ ಬಿದ್ದಿದ್ದನ್ನ ಒಂದೊಂದೇ ಆರಿಸಿ ತೆಗೆಯೋದು” ಎಂದೆ. ಅವಳು ಒಂದು ಕ್ಷಣ ಯೋಚಿಸಿ, “ಅಂದ್ರ ಹಕ್ಕಲ ಆಯೋದು” ಎಂದಳು.

ಅವಳು ಹೇಳಿದ್ದು ಅಕ್ಷರಶಃ ಸರಿ. ಆದರೆ ಆ ಕನ್ನಡದ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಆ ಸ್ಲೈಡು ಕಳಿಸಲು ಮನಸ್ಸಾಗಲಿಲ್ಲ. ಇಂಗ್ಲಿಷಿನಲ್ಲಿ ಸಲೀಸಾಗಿ ಬರೆದ ವಾಕ್ಯ ಕನ್ನಡದಲ್ಲಿ ಹೇಳಿಕೊಂಡರೆ ನಾಚಿಕೆಗೇಡಾಗಿ ಕಾಣುತ್ತಿತ್ತು. ಯಾಕೆ ಎಂದು ಅರ್ಥ ಮಾಡಿಕೊಳ್ಳಲು ಈ ಬರಹ.

ಸುಗ್ಗಿಗೆ ಸಂಬಂಧಿಸಿದ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಹಲವು ಇವೆ. ‘ರೀಪ್’ ಎಂದರೆ ಕುಡುಗೋಲು ಹಿಡಿದು ಕೊಯ್ಯುವುದು. ಬಿತ್ತಿದ್ದನ್ನೇ ಬೆಳೆಯುತ್ತೀ ಎಂಬ ಗಾದೆಯ ಮಾತಿಗೆ ಅವರು ಬಳಸುವುದು ಈ ಪದವನ್ನೇ. ‘ಹಾರ್ವೆಸ್ಟ್’ ಮೂಲದಲ್ಲಿ ಕ್ರಿಯೆಯೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಶರತ್ಕಾಲದ ಹೆಸರು. ಋತುವಿನ ಹೆಸರು ಆಮೇಲೆ ಆ ಋತುವಿನಲ್ಲಿ ಮಾಡುವ ಕೆಲಸಕ್ಕೆ ಅಂಟಿಕೊಂಡಿತು. ‘ಗ್ಲೀನ್’ ಮಾತ್ರ ಫ್ರೆಂಚಿನ ಮೂಲಕ ಬಂದದ್ದು. ಮೊದಲ ಎರಡಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ರೀಪ್, ಹಾರ್ವೆಸ್ಟ್ ಮಾಡಲು ಒಬ್ಬ ಮನುಷ್ಯ ಸಾಕು, ಹೊಲವೂ ಅವನದೇ, ಬೆಳೆಯೂ ಅವನದೇ. ಗ್ಲೀನ್ ಮಾಡಲು ಇಬ್ಬರು ಬೇಕು. ಮೊದಲು ಒಬ್ಬ ಕೊಯ್ದುಕೊಂಡು ಹೋಗಿರಬೇಕು, ಹೋಗುವಾಗ ಏನನ್ನಾದರೂ ಬಿಟ್ಟಿರಬೇಕು. ಅವನ ಹಿಂದೆ ಇನ್ನೊಬ್ಬಳು ಬಗ್ಗಿ ಆರಿಸಬೇಕು. ಅಂದರೆ ಗ್ಲೀನ್ ಎಂಬ ಕ್ರಿಯಾಪದದ ಬೆನ್ನ ಹಿಂದೆ ‘ಬಿಡು’ ಎಂಬ ಇನ್ನೊಂದು ಕ್ರಿಯಾಪದ ಅಡಗಿದೆ.

ಕನ್ನಡದಲ್ಲಿ ಅದು ಅಡಗಿಯೂ ಇಲ್ಲ. ನಮ್ಮಲ್ಲಿ ಮೊದಲು ‘ಹಕ್ಕಲು’ ಎಂಬ ನಾಮಪದ ಇದೆ. ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ತೆನೆ, ಕಾಳು, ಕಾಯಿ. ಅದು ಇದ್ದರೆ ತಾನೇ ‘ಹಕ್ಕಲಾಯುವುದು’. ಕುಂದಾಪುರದ ಕಡೆಯ ಗೆಳೆಯರನ್ನು ಕೇಳಿದರೆ ಅವರಲ್ಲಿ ‘ಹಕ್ಲು’ ಎಂದರೆ ಬೇಸಾಯ ಮಾಡದೆ ಬಿಟ್ಟ ಬಯಲು ಎನ್ನುತ್ತಾರೆ. ಬಯಲುಸೀಮೆಯಲ್ಲಾಗಲಿ ಕರಾವಳಿಯಲ್ಲಾಗಲಿ, ಹಕ್ಕಲು ಎಂದರೆ ಬಿಟ್ಟದ್ದು.

ಹೀಗೆ ಬಿಡುವುದು ದಯೆಯೋ ಕರ್ತವ್ಯವೋ? ಈ ಪ್ರಶ್ನೆಯನ್ನು ಅತ್ಯಂತ ಖಚಿತವಾಗಿ ಎದುರಿಸಿದ್ದು ಯಹೂದಿ ಪರಂಪರೆ. ಬೈಬಲಿನ ಹಳೆಯ ಒಡಂಬಡಿಕೆಯ ಲೇವಿಯಕಾಂಡದಲ್ಲಿ ಒಂದು ಆಜ್ಞೆ ಇದೆ. ಹೊಲವನ್ನು ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆಯನ್ನು ಹಿಂತಿರುಗಿ ಆಯ್ದುಕೊಳ್ಳಬೇಡ, ಅದು ಬಡವನಿಗೂ ಪರದೇಶಿಗೂ ಸೇರಿದ್ದು ಎಂಬುದು ಅದರ ತಾತ್ಪರ್ಯ. ಕೊಡು ಎಂದು ಅಲ್ಲಿ ಹೇಳಿಲ್ಲ, ಬಿಡು ಎಂದು ಹೇಳಿದೆ. ಮುಂದೆ ಮಿಷ್ನಾದ ‘ಪೇಆ’ ಎಂಬ ಭಾಗ ಇದನ್ನು ನಮ್ಮ ಪ್ರಾಜೆಕ್ಟ್ ಒಪ್ಪಂದಗಳಿಗಿಂತ ಸೂಕ್ಷ್ಮವಾಗಿ ಬಿಡಿಸಿಡುತ್ತದೆ. ಅಂಚಿನಲ್ಲಿ ಬಿಡುವುದು ಅರವತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಒಟ್ಟಿಗೆ ಎರಡು ತೆನೆ ಬಿದ್ದರೆ ಅದು ಹಕ್ಕಲು, ಮೂರು ಬಿದ್ದರೆ ಅಲ್ಲ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ನಿಯಮ. ಹೊಲದವನು ಒಬ್ಬ ಬಡವನಿಗೆ ಅವಕಾಶ ಕೊಟ್ಟು ಇನ್ನೊಬ್ಬನಿಗೆ ತಡೆದರೆ, ಅಥವಾ ತನಗೆ ಬೇಕಾದವನಿಗೆ ಆಯಲು ಸಹಾಯ ಮಾಡಿದರೆ, ಅವನು ಬಡವರಿಂದ ಕದ್ದಂತೆ. ಹಕ್ಕಲನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ದೊಡ್ಡಸ್ತಿಕೆಯೂ ಹೊಲದವನಿಗೆ ಇಲ್ಲ. ಕೆಳಗೆ ಬಿದ್ದ ಕ್ಷಣದಿಂದ ಅದು ಅವನದಲ್ಲ.

ಇದೇ ಹಿನ್ನೆಲೆಯಲ್ಲಿ ರೂತಳ ಕಥೆ ಬರುತ್ತದೆ. ಗಂಡ ಸತ್ತ ಪರದೇಶಿ ಹೆಣ್ಣು, ಅತ್ತೆಯ ಜೊತೆ ಬೆತ್ಲೆಹೇಮಿಗೆ ಬಂದು ಬಾರ್ಲಿ ಹೊಲಗಳಲ್ಲಿ ಹಕ್ಕಲಾಯುತ್ತಾಳೆ. ಹೊಲದ ಯಜಮಾನ ಬೋವಜ ತನ್ನ ಆಳುಗಳಿಗೆ, ಕಟ್ಟಿನಿಂದ ಬೇಕೆಂದೇ ಒಂದಿಷ್ಟು ತೆನೆ ಬೀಳಿಸುತ್ತಾ ಹೋಗಿ, ಆಕೆಯನ್ನು ಗದರಿಸಬೇಡಿ ಎಂದು ಹೇಳುತ್ತಾನೆ. ಕರೆದು ಒಂದು ಮೂಟೆ ಕೊಡಬಹುದಿತ್ತು. ಕೊಡದೆ ಬೀಳಿಸಿದ. ಕೊಟ್ಟರೆ ಆಕೆ ಕೈ ಚಾಚಬೇಕಾಗುತ್ತಿತ್ತು. ಬೀಳಿಸಿದ್ದರಿಂದ ಅದು ಆಕೆಯ ದುಡಿಮೆಯಾಗಿ ಉಳಿಯಿತು.

ಇದೇ ಪ್ರಶ್ನೆ ಇಂಗ್ಲೆಂಡಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಸಫೋಕ್ ಪ್ರಾಂತದ ಟಿಮ್ವರ್ತ್ ಎಂಬ ಹಳ್ಳಿಯಲ್ಲಿ ಮೇರಿ ಹೌಟನ್ ಎಂಬಾಕೆ ಹಕ್ಕಲಾಯ್ದಳೆಂದು ಜಮೀನಿನ ಒಡೆಯ ದಾವೆ ಹೂಡಿದ. ಬಡವರು ಕೊಯ್ಲಾದ ಹೊಲದಲ್ಲಿ ಹಕ್ಕಲಾಯ್ದರೆ ಅತಿಕ್ರಮಣವಲ್ಲ ಎಂದು ಬ್ಲ್ಯಾಕ್‌ಸ್ಟೋನ್‌ನಂಥ ಕಾನೂನು ಪಂಡಿತನೇ ಬರೆದಿದ್ದ. ಆದರೂ 1788ರಲ್ಲಿ ಮೂವರು ನ್ಯಾಯಾಧೀಶರು ಒಡೆಯನ ಪರ, ಒಬ್ಬರು ಮಾತ್ರ ಮೇರಿಯ ಪರ ನಿಂತು, ಹಕ್ಕಲಾಯುವುದು ಯಾರ ಹಕ್ಕೂ ಅಲ್ಲ ಎಂದು ತೀರ್ಪಾಯಿತು. ಹಕ್ಕು ನಮಗೆ ಅರಬ್ಬಿ ಕಡೆಯಿಂದ ಬಂದ ಪದ, ಹಕ್ಕಲಿಗೂ ಅದಕ್ಕೂ ನಂಟಿಲ್ಲ. ಆದರೂ ಆ ತೀರ್ಪನ್ನು ಕನ್ನಡದಲ್ಲಿ ಎರಡೇ ಪದದಲ್ಲಿ ಹೇಳಬಹುದು: ಹಕ್ಕಲು ಹಕ್ಕಲ್ಲ. ತೀರ್ಪಿನ ನಂತರವೂ ಎಷ್ಟೋ ಇಂಗ್ಲಿಷ್ ಹಳ್ಳಿಗಳಲ್ಲಿ ಚರ್ಚಿನ ಗಂಟೆ ಬಾರಿಸಿ ಹಕ್ಕಲಿನ ಹೊತ್ತನ್ನು ಸಾರುವ ರೂಢಿ ಉಳಿದಿತ್ತು. ರೂಢಿ ಕಾನೂನಿಗಿಂತ ಹೆಚ್ಚು ದಿನ ಬದುಕಿತು.

ಪ್ಯಾರಿಸಿನ ಓರ್ಸೇ ವಸ್ತುಸಂಗ್ರಹಾಲಯದಲ್ಲಿ ಮಿಲೇ 1857ರಲ್ಲಿ ಮುಗಿಸಿದ ಚಿತ್ರವೊಂದಿದೆ. ಮೂವರು ಹೆಂಗಸರು ಕೊಯ್ದ ಹೊಲದಲ್ಲಿ ಹಕ್ಕಲಾಯುತ್ತಿದ್ದಾರೆ, ಇಬ್ಬರು ಪೂರ್ತಿ ಬಗ್ಗಿದ್ದಾರೆ. ದೂರದಲ್ಲಿ ಬಣವೆಗಳು, ತುಂಬಿದ ಗಾಡಿ, ಕುದುರೆಯ ಮೇಲೆ ಮೇಲ್ವಿಚಾರಕ. ನಾನು ಅದನ್ನು ಕಂಡಿರುವುದು ಫೋನಿನ ಪರದೆಯಲ್ಲಿ ಮಾತ್ರ. ಆದರೆ ಆ ಕುದುರೆಯ ಮೇಲಿನ ಮನುಷ್ಯನನ್ನು ಹಿಗ್ಗಿಸಿ ನೋಡಿದಾಗೆಲ್ಲ ಅವನು ನನ್ನ ಪರಿಚಯದವನು ಅನ್ನಿಸುತ್ತದೆ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ನಮ್ಮ ಶಾಸ್ತ್ರಗಳಿಗೂ ಹಕ್ಕಲು ಗೊತ್ತು. ಕಾಳು ಕಾಳಾಗಿ ಆಯುವುದು ‘ಉಂಛ’, ತೆನೆಯಾಗಿ ಆಯುವುದು ‘ಶಿಲ’. ಮನುಸ್ಮೃತಿಯ ನಾಲ್ಕನೇ ಅಧ್ಯಾಯ ಇದಕ್ಕೆ ‘ಋತ’ ಎಂಬ ದೊಡ್ಡ ಹೆಸರನ್ನೇ ಕೊಟ್ಟಿದೆ. ಅದೇ ಪಟ್ಟಿಯ ಕೊನೆಯಲ್ಲಿ ಇನ್ನೊಬ್ಬರ ಸೇವೆ ಮಾಡಿ ಬದುಕುವುದನ್ನು ನಾಯಿಯ ವೃತ್ತಿ ಎಂದಿದೆ. ಸರ್ವಿಸ್ ಕಂಪನಿಗಳಲ್ಲಿ ದುಡಿಯುವ ನಾವು ಅದನ್ನು ಓದದಿರುವುದೇ ಒಳ್ಳೆಯದು! ಮಹಾಭಾರತದ ಅಶ್ವಮೇಧಿಕ ಪರ್ವದ ಮುಂಗುಸಿ ಎಲ್ಲರಿಗೂ ನೆನಪಿರುತ್ತದೆ. ಹಕ್ಕಲಾಯ್ದು ಬದುಕುತ್ತಿದ್ದ ಕುರುಕ್ಷೇತ್ರದ ಬಡ ಸಂಸಾರ ಅತಿಥಿಗೆ ಕೊಟ್ಟ ಹಿಟ್ಟಿನ ಪುಡಿಯಲ್ಲಿ ಹೊರಳಿ ಅದರ ಅರ್ಧ ಮೈ ಚಿನ್ನವಾಗಿತ್ತು. ಉಳಿದರ್ಧ ಧರ್ಮರಾಯನ ಯಜ್ಞದಲ್ಲೂ ಚಿನ್ನವಾಗಲಿಲ್ಲ. ತ್ಯಾಗರಾಜರು ತಿರುವಯ್ಯಾರಿನಲ್ಲಿ ಪಾಲಿಸಿದ್ದೂ ಉಂಛವೃತ್ತಿಯೇ. ಆ ಹೊತ್ತಿಗೆ ಆ ಪದಕ್ಕೆ ಬೀದಿಯಲ್ಲಿ ಹಾಡುತ್ತಾ ಹೋಗಿ ಅಕ್ಕಿ ಸ್ವೀಕರಿಸುವ ಅರ್ಥ ಬಂದಿತ್ತು.

ಎಲ್ಲ ಚೆನ್ನಾಗಿದೆ. ಆದರೆ ಒಂದು ವ್ಯತ್ಯಾಸ ನನ್ನನ್ನು ಕಾಡುತ್ತದೆ. ನಮ್ಮ ಈ ಕಥೆಗಳಲ್ಲಿ ಹಕ್ಕಲಾಯುವುದು ಆಯುವವನ ವ್ರತ. ಅವನ ತ್ಯಾಗ, ಅವನ ಪುಣ್ಯ. ಹೊಲದವನು ಏನು ಬಿಡಬೇಕು ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಅವರ ಪುಸ್ತಕದಲ್ಲಿ ಅದು ಹೊಲದವನಿಗೆ ಹಾಕಿದ ಕಟ್ಟಳೆ. ಇನ್ನೂ ಒಂದು ಮಾತು. ವ್ರತವಾಗಿ ಹಕ್ಕಲಾಯುವ ಬ್ರಾಹ್ಮಣ ಪುಣ್ಯಾತ್ಮನಾದ. ಹೊಟ್ಟೆಗಾಗಿ ಹಕ್ಕಲಾಯುತ್ತಿದ್ದ ಕೇರಿಯ ಹೆಂಗಸರನ್ನು ಕಂಡು ನಮ್ಮೂರಿನಲ್ಲಿ ಯಾರೂ ‘ಋತ’ ಎಂದಿದ್ದು ನಾನು ಕೇಳಿಲ್ಲ. “ಏಯ್, ಯಾರದು ಹೊಲದಾಗೆ” ಎಂದಿದ್ದನ್ನು ಕೇಳಿದ್ದೇನೆ. ನಾನೇ ಹಾಗೆ ಕೂಗಿದ್ದೇನೆ ಕೂಡ.

ನಮ್ಮದು ಚಳ್ಳಕೆರೆ ಕಡೆಯ ಊರು, ಶೇಂಗಾ ಸೀಮೆ. ಶೇಂಗಾ ಬೆಳೆಯ ಗುಣವೇ ಹಕ್ಕಲು ಬಿಡುವುದು. ಬಳ್ಳಿ ಕಿತ್ತಾಗ ಎಷ್ಟೇ ಜೋಪಾನ ಮಾಡಿದರೂ ಒಂದಿಷ್ಟು ಕಾಯಿ ತೊಟ್ಟು ಹರಿದು ಮಣ್ಣಿನಲ್ಲೇ ಉಳಿಯುತ್ತದೆ. ನೆಲ ಒಣಗಿ ಗಟ್ಟಿಯಾಗಿದ್ದರೆ ಇನ್ನೂ ಹೆಚ್ಚು. ಬಳ್ಳಿ ಕಣಕ್ಕೆ ಹೋದ ಮೇಲೆ ಹೆಂಗಸರು, ಮಕ್ಕಳು ಕುರ್ಪಿ ಹಿಡಿದು ಬರುತ್ತಿದ್ದರು. ಕುಕ್ಕರಗಾಲಿನಲ್ಲಿ ಕೂತು ಮಣ್ಣು ಕೆದಕಿ, ಸಿಕ್ಕ ಕಾಯನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ, ಯಾರೂ ಬೇಡ ಎನ್ನುತ್ತಿರಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಮಳೆ ಕೈಕೊಟ್ಟಿತು. ಅಪ್ಪ ಬಳ್ಳಿ ಕಿತ್ತಾದ ಮೇಲೆ ಇನ್ನೊಮ್ಮೆ ಮಡಕೆ ಹೊಡೆಸಿ, ಉಳಿದ ಕಾಯನ್ನೂ ನಾವೇ ಆಯ್ದುಕೊಳ್ಳೋಣ ಎಂದರು. ಅಪ್ಪನಿಗೆ ಸೊಸೈಟಿ ಸಾಲವಿತ್ತು. ಅಷ್ಟೂ ಕಾಯಿ ನಮ್ಮದೇ ಬೆವರು. ಲೆಕ್ಕದಲ್ಲಿ ಅವರು ತಪ್ಪಿರಲಿಲ್ಲ. ಯಾರೂ ಹೊಲಕ್ಕೆ ಇಳಿಯದಂತೆ ನೋಡಿಕೊಳ್ಳಲು ನನ್ನನ್ನು ಬದುವಿನ ಮೇಲೆ ನಿಲ್ಲಿಸಿದರು. ಬೆಳಿಗ್ಗೆ ಎಂಟು ಹತ್ತು ಹೆಂಗಸರು ಬಂದರು. ನಾನು ಕೂಗಿದೆ. ಅವರಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಹುಡುಗನ ಅವ್ವನೂ ಇದ್ದಳು. ಆಕೆ ಜಗಳವಾಡಲಿಲ್ಲ. “ಆಯ್ತು ಬಿಡಪ್ಪ” ಎಂದು ಖಾಲಿ ಮಡಿಲನ್ನು ಬಿಚ್ಚಿ ಸೆರಗು ಸರಿಮಾಡಿಕೊಂಡು ಹಿಂತಿರುಗಿದಳು. ನಮಗೆ ಎರಡು ದಿನ ಆಯ್ದು ಸಿಕ್ಕಿದ್ದು ಅರ್ಧ ಚೀಲ. ಆ ಅರ್ಧ ಚೀಲದಿಂದ ಸಾಲ ತೀರಲಿಲ್ಲ. ಆ ಹುಡುಗ ಮಾತ್ರ ಮಾರನೇ ದಿನದಿಂದ ಬೇರೆ ಸಾಲಿನಲ್ಲಿ ಕೂತ. ಮಿಲೇಯ ಚಿತ್ರದ ಕುದುರೆಯ ಮೇಲಿನವನು ನನಗೆ ಪರಿಚಯ ಎಂದಿದ್ದು ಇದಕ್ಕೆ. ನನಗೆ ಕುದುರೆ ಇರಲಿಲ್ಲ, ಬದು ಇತ್ತು.

ಈಗ ನನ್ನ ಸ್ಲೈಡಿಗೆ ಮರಳುತ್ತೇನೆ. ಗ್ಲೀನ್ ಪದಕ್ಕೆ ‘ಮಾಹಿತಿಯನ್ನು ಚೂರುಚೂರಾಗಿ ಕಲೆಹಾಕು’ ಎಂಬ ಅರ್ಥ ಬಂದು ಶತಮಾನಗಳೇ ಆಗಿವೆ, ಅದರಲ್ಲಿ ತಪ್ಪಿಲ್ಲ. ಹಳೆಯ ಶಾಸನಗಳ ಒಡೆದ ಅಕ್ಷರಗಳಿಂದ ಒಂದು ಊರಿನ ಚರಿತ್ರೆ ಕಟ್ಟುವ ವಿದ್ವಾಂಸ ನಿಜವಾಗಿ ಹಕ್ಕಲಾಯುತ್ತಾನೆ. ಕಾಲ ಕೊಯ್ದುಕೊಂಡು ಹೋದ ಮೇಲೆ ಉಳಿದದ್ದನ್ನು ಬಗ್ಗಿ ಆರಿಸುತ್ತಾನೆ. ಆದರೆ ನಾವು ಮಾಡುವುದು ಅದಲ್ಲ. ಕೋಟಿಗಟ್ಟಲೆ ಜನ ಪರದೆಯ ಮೇಲೆ ಎಲ್ಲಿ ಬೆರಳಿಟ್ಟರು, ಎಲ್ಲಿ ತಡೆದರು, ಏನು ಕೊಳ್ಳಲು ಹೋಗಿ ಕೊಳ್ಳದೆ ಬಂದರು ಎಂಬುದನ್ನೆಲ್ಲ ಯಂತ್ರ ತುಂಬಿಕೊಳ್ಳುತ್ತದೆ. ಅಲ್ಲಿ ಯಾರೂ ಬಗ್ಗುವುದಿಲ್ಲ. ಮುಖ್ಯವಾಗಿ, ಅಲ್ಲಿ ಯಾರೂ ತಿಳಿದು ಏನನ್ನೂ ಬಿಟ್ಟಿಲ್ಲ. ಹಿಂದೆ ದೊಡ್ಡ ಹೊಲದಲ್ಲಿ ಸಣ್ಣವರು ಆಯುತ್ತಿದ್ದರು. ಈಗ ಸಣ್ಣವರ ಅಂಗಳದಲ್ಲಿ ದೊಡ್ಡವರು ಆಯುತ್ತಿದ್ದಾರೆ. ಆ ಕೆಲಸಕ್ಕೆ ‘ಹಾರ್ವೆಸ್ಟ್’ ಎಂಬ ಪದವೂ ಚಾಲ್ತಿಯಲ್ಲಿದೆ, ಅದೇ ಪ್ರಾಮಾಣಿಕ. ಅಂಚಿನವರೆಗೂ ಕೊಯ್ದು ಅದನ್ನು ಗ್ಲೀನ್ ಎಂದು ಕರೆಯುವುದು ಬಡವಿಯ ಸೆರಗನ್ನು ನಾವು ಹೊದ್ದುಕೊಂಡಂತೆ. ಕನ್ನಡದಲ್ಲಿ ಹೇಳಿಕೊಂಡಾಗ ನಾಚಿಕೆಯಾಗಿದ್ದು ಇದಕ್ಕೇ ಇರಬೇಕು.

ಒಂದು ಪದದ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎಂದು ನೀವು ಕೇಳಬಹುದು. ಪದ ಮಾತ್ರ ಆಗಿದ್ದರೆ ಬೇಡ. ಆದರೆ ಅದೇ ವಾರ ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಒಂದು ಪ್ರಸ್ತಾಪ ಬಂತು. ಪುಣೆಯಲ್ಲಿರುವವರಿಗೆ ಗೊತ್ತು, ಇಲ್ಲಿ ಚಿಂದಿ ಆಯುವವರು 1993ರಲ್ಲೇ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘ ಕಟ್ಟಿಕೊಂಡರು. ಅದರಿಂದ ಹುಟ್ಟಿದ ‘ಸ್ವಚ್ಛ್’ ಸಹಕಾರ ಸಂಘ 2008ರಲ್ಲಿ ಮಹಾನಗರಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಎತ್ತುತ್ತದೆ. ಮನೆಯವರು ಕೊಡುವ ಸಣ್ಣ ಶುಲ್ಕದ ಜೊತೆಗೆ, ಕಸದಲ್ಲಿ ಸಿಗುವ ರಟ್ಟು, ಬಾಟಲಿ, ಕಾಗದ ಮಾರಿದ ದುಡ್ಡು ಆ ಕೆಲಸಗಾರರದ್ದೇ. ಇದು ನಗರದ ಹಕ್ಕಲು.

ಪ್ರಸ್ತಾಪ ಏನೆಂದರೆ, ಆನ್‌ಲೈನ್ ಖರೀದಿಯಿಂದಾಗಿ ಈಗ ರಟ್ಟಿನ ಡಬ್ಬಗಳೇ ರಾಶಿ ಬೀಳುತ್ತವೆ, ಅವನ್ನು ಒಂದು ಕಡೆ ಕೂಡಿಟ್ಟು ಸೊಸೈಟಿಯೇ ಮಾರಿ ನಿಧಿಗೆ ಹಾಕೋಣ. ಪ್ರಾಜೆಕ್ಟ್ ಮ್ಯಾನೇಜರ್ ಅಲ್ಲವೇ, ಲೆಕ್ಕದ ಹಾಳೆ ಮಾಡುವ ಕೆಲಸ ನನಗೇ ಬಂತು. ತಿಂಗಳಿಗೆ ಸುಮಾರು 450 ಕಿಲೋ, ಕಿಲೋಗೆ 8 ರೂಪಾಯಿ ಹಿಡಿದರೆ 3,600 ರೂಪಾಯಿ. ನಮ್ಮಲ್ಲಿ 180 ಮನೆ. ಮನೆಗೆ 20 ರೂಪಾಯಿ. ಹಾಳೆಯನ್ನು ಗುಂಪಿಗೆ ಹಾಕುವ ಮುನ್ನ ಇನ್ನೊಂದು ಕಾಲಂ ಸೇರಿಸಿದೆ: ಈಗ ಇದು ಯಾರಿಗೆ ಹೋಗುತ್ತಿದೆ. ಉತ್ತರ, ಇಬ್ಬರಿಗೆ. ತಲಾ 1,800 ರೂಪಾಯಿ.

ಸಭೆಯಲ್ಲಿ ಒಬ್ಬ ಹಿರಿಯರು ಎತ್ತಿದ ಪ್ರಶ್ನೆ ನ್ಯಾಯವಾದದ್ದೇ. “ನಮ್ಮ ಎಂಜಲಲ್ಲಿ ಅವರು ಬದುಕಲಿ ಅನ್ನೋದು ಯಾವ ಧರ್ಮ? ಸರಿಯಾಗಿ ಸಂಬಳ ಕೊಡಿ, ರಟ್ಟು ಸೊಸೈಟಿಯದಾಗಲಿ” ಎಂದರು. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಹಕ್ಕಲು ನ್ಯಾಯಕ್ಕೆ ಬದಲಿಯಲ್ಲ. ರೂತಳಿಗೆ ಸ್ವಂತ ಹೊಲವಿದ್ದಿದ್ದರೆ ಆಕೆ ಹಕ್ಕಲಿಗೆ ಬರುತ್ತಿರಲಿಲ್ಲ. ನಮ್ಮ ಹೊಲಕ್ಕೆ ಬಂದ ಹೆಂಗಸರಿಗೆ ನಾಲ್ಕು ಎಕರೆ ಇದ್ದಿದ್ದರೆ ನಾನು ಕೂಗುವ ಪ್ರಸಂಗವೇ ಇರುತ್ತಿರಲಿಲ್ಲ. ಹಕ್ಕಲನ್ನು ಬಹಳ ಹೊಗಳಿದರೆ ಬಡತನವನ್ನೇ ಹೊಗಳಿದಂತಾಗುತ್ತದೆ. ಆ ಅಪಾಯ ಈ ಬರಹಕ್ಕೂ ಇದೆ.

ಆದರೆ ನಾನು ಗಮನಿಸಿದ್ದು ಇಷ್ಟೇ. ರಟ್ಟು ನಮ್ಮದಾಗಲಿ ಎಂಬ ಸಾಲು ನನ್ನ ಹಾಳೆಯಲ್ಲಿ ಇತ್ತು, ಸಂಬಳ ಹೆಚ್ಚಲಿ ಎಂಬ ಸಾಲು ಇರಲಿಲ್ಲ. ಇಂಗ್ಲೆಂಡಿನ ಆ ತೀರ್ಪಿನ ಜೊತೆ ಮೇರಿಗೆ ಜಮೀನು ಸಿಗಲಿಲ್ಲ. ಅಪ್ಪ ಹೊಲಕ್ಕೆ ಎರಡನೇ ಸಲ ಮಡಕೆ ಹೊಡೆಸಿದ ವರ್ಷ ಕೂಲಿ ಒಂದು ರೂಪಾಯಿಯೂ ಏರಲಿಲ್ಲ. ನ್ಯಾಯ ಮಾಡೋಣ ಎಂದು ದಯೆಯನ್ನು ಮೊದಲು ನಿಲ್ಲಿಸಿ, ಆಮೇಲೆ ನ್ಯಾಯದ ವಿಷಯ ಮುಂದಿನ ಸಭೆಗೆ ಹಾಕುವುದು ನಮ್ಮಂಥವರಿಗೆ ಚೆನ್ನಾಗಿ ಬರುವ ವಿದ್ಯೆ. ಹಾಗಾಗಿ ನನ್ನ ಮಾತು ಹೀಗಿತ್ತು: ಕ್ರಮ ಅದಲುಬದಲು ಮಾಡೋಣ. ಮೊದಲು ಶುಲ್ಕ ಹೆಚ್ಚಿಸೋಣ, ಅದು ಒಂದು ವರ್ಷ ನಿಯಮಿತವಾಗಿ ಅವರ ಕೈ ಸೇರಲಿ. ಆಮೇಲೆ ರಟ್ಟಿನ ಮಾತು ಅವರನ್ನೇ ಕೂರಿಸಿಕೊಂಡು ಆಡೋಣ. ಅಲ್ಲಿಯವರೆಗೆ ಕೆಳಗೆ ಬಿದ್ದದ್ದು ನಮ್ಮದಲ್ಲ.

ಕೆಲವರು ತಲೆಯಾಡಿಸಿದರು, ಕೆಲವರು ಫೋನು ನೋಡುತ್ತಿದ್ದರು. ತೀರ್ಮಾನ ಮುಂದಿನ ತಿಂಗಳಿಗೆ ಹೋಗಿದೆ. 20 ರೂಪಾಯಿ ಗೆದ್ದರೂ ನನಗೆ ಆಶ್ಚರ್ಯವಿಲ್ಲ.

ನಮ್ಮ ಕೆಲಸದಲ್ಲಿ ಏನನ್ನಾದರೂ ಬಿಟ್ಟರೆ ಅದು ವೈಫಲ್ಯ. ಪ್ಲಾನಿನಲ್ಲಿ ಒಂದು ಮಧ್ಯಾಹ್ನ ಖಾಲಿ ಉಳಿದರೂ ಅದನ್ನು ತುಂಬಿಸುವುದಕ್ಕೇ ನನಗೆ ಸಂಬಳ. ಕನ್ನಡದಲ್ಲಿ ಆ ಖಾಲಿ ಮಧ್ಯಾಹ್ನಕ್ಕೆ ‘ಬಿಡುವು’ ಎನ್ನುತ್ತೇವೆ. ಅದೂ ‘ಬಿಡು’ ಧಾತುವಿನದೇ. ಕೊಪ್ಪಳದ ಆ ಹುಡುಗಿ ಇಂಥದೊಂದು ಬಿಡುವಿನಲ್ಲೇ ಹೊಸ ಟೂಲ್ ಕಲಿತುಕೊಂಡಳು ಎಂದು ನನಗೆ ಆಮೇಲೆ ತಿಳಿಯಿತು. ಈ ತ್ರೈಮಾಸಿಕದ ಪ್ಲಾನಿನಲ್ಲಿ ನಾನು ಅದನ್ನು ತುಂಬಿಸುವವನಿದ್ದೆ. ತುಂಬಿಸಿಲ್ಲ.

ಸ್ಲೈಡಿನಲ್ಲಿ ಗ್ಲೀನ್ ತೆಗೆದು ಕಲೆಕ್ಟ್ ಎಂದು ಹಾಕಿ ಕಳಿಸಿದೆ. ಅವಳು ಮೊದಲೇ ಹೇಳಿದ್ದಳಲ್ಲ, ಅಷ್ಟು ಸಾಕಾಗಿತ್ತು.